ಬ್ಯಾಕ್‌ಲಾಗ್ ಇಲ್ಲದಿದ್ದರೂ ಮತ್ತೆ ಕೂತವರು

ರಿಸಲ್ಟ್ ಬಂದ ದಿನ ಹಾಸ್ಟೆಲ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಎಲ್ಲಾ ಕ್ಲಿಯರ್ ಆಯ್ತಾ ಮಗಾ?" ಆಯ್ತು ಅಂದರೆ ಮುಗೀತು. ಪುಸ್ತಕ ಜೂನಿಯರ್ ಕೈಗೆ, ನೋಟ್ಸ್ ರದ್ದಿಗೆ. ಪಾಸಾದ ವಿಷಯದ ಹತ್ತಿರ ಮತ್ತೆ ಹೋಗುವವರು ಯಾರು? ಬ್ಯಾಕ್‌ಲಾಗ್ ಇದ್ದವರು ಮಾತ್ರ. ಉಳಿದವರಿಗೆ ಅದೇನು ಹುಚ್ಚಾ?

ಆ ಹುಚ್ಚು ಇದ್ದ ಒಬ್ಬರ ಬಗ್ಗೆ ಈ ಸಲ ಹೇಳಬೇಕು ಅನ್ನಿಸಿದೆ. ಹೆಸರು ಮೌರಿತ್ಸಿಯೋ ಪೊಲ್ಲಿನಿ. 1942ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಹುಟ್ಟಿದ ಪಿಯಾನೋ ವಾದಕ. ನಾವು ಸಿಇಟಿ ಬರೆಯೋ ವಯಸ್ಸಿನಲ್ಲಿ, ಅಂದರೆ 18ಕ್ಕೆ, ವಾರ್ಸಾದ ಶೋಪ್ಯಾನ್ ಸ್ಪರ್ಧೆ ಗೆದ್ದವರು. 1975ರಿಂದ 77ರ ನಡುವೆ ಅವರು ಬೀಥೋವನ್‌ನ ಕೊನೆಯ ಐದು ಪಿಯಾನೋ ಸೊನಾಟಾಗಳನ್ನು ರೆಕಾರ್ಡ್ ಮಾಡಿದರು.

ಈ ಐದು ಸಾಮಾನ್ಯದವಲ್ಲ. 1816ರಿಂದ 1822ರ ನಡುವೆ ಬರೆದವು. ಅಷ್ಟರಲ್ಲಿ ಬೀಥೋವನ್‌ಗೆ ಕಿವಿ ಹೆಚ್ಚುಕಡಿಮೆ ಕೈಕೊಟ್ಟಿತ್ತು. 1818ರ ಹೊತ್ತಿಗೆ ಭೇಟಿಗೆ ಬಂದವರು ಹೇಳಬೇಕಾದ್ದನ್ನು ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದರು. ಐದರಲ್ಲಿ ಎರಡನೆಯದು 'ಹ್ಯಾಮರ್‌ಕ್ಲಾವಿಯರ್'. ನುಡಿಸಲು ಮುಕ್ಕಾಲು ಗಂಟೆ ಹತ್ತಿರ ಬೇಕು. ಮೊದಲ ಭಾಗಕ್ಕೆ ಬೀಥೋವನ್ ಕೊಟ್ಟ ವೇಗ ನಿಮಿಷಕ್ಕೆ 138 ಬಡಿತ, ಸೆಕೆಂಡಿಗೆ ಎರಡಕ್ಕಿಂತ ಜಾಸ್ತಿ, ಒಂದೊಂದು ಬಡಿತದೊಳಗೆ ತುಂಬಾ ಸ್ವರಗಳು. ಅವನ ಮೆಟ್ರೊನೋಮೇ ಕೆಟ್ಟಿತ್ತೇನೋ ಅಂತ ವಾದ ಮಾಡುವವರು ಇವತ್ತಿಗೂ ಇದ್ದಾರೆ.

ಪೊಲ್ಲಿನಿ ಅದನ್ನು ಎಷ್ಟು ಸ್ವಚ್ಛವಾಗಿ ನುಡಿಸಿದರು ಅಂದರೆ, ಆ ರೆಕಾರ್ಡಿಂಗ್ ಉಳಿದವರನ್ನು ಅಳೆಯುವ ಅಳತೆಗೋಲೇ ಆಯಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಹತ್ತಕ್ಕೆ ಹತ್ತು. ಆಮೇಲೆ ನಿಧಾನವಾಗಿ ಬೀಥೋವನ್‌ನ ಎಲ್ಲ 32 ಸೊನಾಟಾಗಳನ್ನೂ ಮುಗಿಸಿದರು. ಅದು ಮುಗಿದದ್ದು 2014ರಲ್ಲಿ. ಒಟ್ಟು 39 ವರ್ಷ. ಎಲ್ಲಾ ಕ್ಲಿಯರ್.

ಆದರೆ 2019ರಲ್ಲಿ ಅವರು ಮತ್ತೆ ಮೈಕಿನ ಮುಂದೆ ಕೂತರು. ಕೊನೆಯ ಮೂರು ಸೊನಾಟಾಗಳ ಹೊಸ ರೆಕಾರ್ಡಿಂಗ್ 2020ರಲ್ಲಿ ಬಂತು. ಹ್ಯಾಮರ್‌ಕ್ಲಾವಿಯರ್ ಸೇರಿ ಉಳಿದ ಎರಡು 2022ರಲ್ಲಿ ಬಂದವು. ಆಗ ಅವರಿಗೆ 80. 2024ರ ಮಾರ್ಚ್‌ನಲ್ಲಿ ತೀರಿಕೊಂಡರು.

ಇಂಟರ್ನಲ್ಸ್ ಮುಗಿದ ಸಂಜೆ ನಾವು ಕೆಲವರು ಕ್ಲಬ್ ರೂಮಿನಲ್ಲಿ ಎರಡೂ ಹ್ಯಾಮರ್‌ಕ್ಲಾವಿಯರ್‌ಗಳ ಮೊದಲ ಭಾಗವನ್ನು ಒಂದಾದ ಮೇಲೊಂದು ಕೇಳಿದೆವು. ನಮ್ಮಲ್ಲಿ ಯಾರಿಗೂ ಪಿಯಾನೋ ನುಡಿಸೋಕೆ ಬರಲ್ಲ. ಆದರೂ ವ್ಯತ್ಯಾಸ ಗೊತ್ತಾಯಿತು. ಹಳೆಯದರಲ್ಲಿ ಒಂದೊಂದು ಸ್ವರವೂ ಲೇತ್‌ನಲ್ಲಿ ತಿರುಗಿಸಿ ತೆಗೆದಂತಿದೆ. ಹೊಸದರಲ್ಲಿ ಅಲ್ಲಲ್ಲಿ ಅಂಚು ಒರಟು. ಆದರೆ ಮುದುಕರು ವೇಗ ತಗ್ಗಿಸಿ ಸುಲಭ ಮಾಡಿಕೊಂಡಿಲ್ಲ. ಗೊತ್ತಿರೋ ಉತ್ತರ ಬರೀತಾ ಇದ್ದಾರೆ ಅಂತ ಅನ್ನಿಸೋದೇ ಇಲ್ಲ. ಪ್ರಶ್ನೆಯನ್ನೇ ಮತ್ತೆ ಓದ್ತಾ ಇದ್ದಾರೆ ಅನ್ನಿಸುತ್ತೆ.

"ಒಳ್ಳೆ ಹೆಸರಿತ್ತು, ಸುಮ್ಮನಿರಬಹುದಿತ್ತಲ್ಲ?" ಅಂದ ನಮ್ಮಲ್ಲೇ ಒಬ್ಬ. ನ್ಯಾಯವಾದ ಮಾತು. ಒಂದನ್ನೇ ಕೇಳೋಕೆ ಟೈಮ್ ಇದ್ದರೆ ಹಳೆಯದನ್ನೇ ಕೇಳಿ ಅಂತ ನಾವೂ ಹೇಳುತ್ತೇವೆ. ಆದರೆ ನಮ್ಮ ಥರದವರಿಗೆ ಪಾಠ ಇರೋದು ಎರಡನೆಯದರಲ್ಲಿ. ಹೊಸದು ಹಳೆಯದಕ್ಕಿಂತ ಕಮ್ಮಿ ಅಂತ ಜನ ಹೇಳಬಹುದು ಅನ್ನೋದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಕೂತರು. ಅವರಿಗೆ ಅದು 'ಪಾಸಾದ ಸಬ್ಜೆಕ್ಟ್' ಆಗಿರಲೇ ಇಲ್ಲ.

ನಮ್ಮ ಕಥೆ ಬೇರೆ. ಕೊನೆಯ ಸೊನಾಟಾ ಮುಗಿದ 1822ರಲ್ಲೇ ಪ್ಯಾರಿಸ್‌ನಲ್ಲಿ ಫೋರಿಯರ್‌ನ ಶಾಖದ ಕುರಿತ ಪುಸ್ತಕ ಅಚ್ಚಾಯಿತು. ಅವನ ಸೀರೀಸ್ ಅನ್ನು ನಾವೆಲ್ಲ ಸೂತ್ರ ಬಾಯಿಪಾಠ ಹೊಡೆದು ಕ್ಲಿಯರ್ ಮಾಡಿದವರೇ. ಅಂದು ರಾತ್ರಿ ಸುಮ್ಮನೆ ಕುತೂಹಲಕ್ಕೆ ಪಿಯಾನೋದ ಒಂದೇ ಒಂದು ಮಂದ್ರ ಸ್ವರದ ರೆಕಾರ್ಡಿಂಗ್ ತಗೊಂಡು ಲ್ಯಾಪ್‌ಟಾಪ್‌ನಲ್ಲಿ ಎಫ್‌ಎಫ್‌ಟಿ ಹಾಕಿದೆವು. ಮೂಲ ಆವರ್ತನ, ಅದರ ಎರಡರಷ್ಟು, ಮೂರರಷ್ಟು, ಹೀಗೆ ಸಾಲಾಗಿ ಶಿಖರಗಳು ಎದ್ದವು. ಆದರೆ ಮೇಲಕ್ಕೆ ಹೋದಂತೆ ಅವು ಲೆಕ್ಕದ ಜಾಗಕ್ಕಿಂತ ಸ್ವಲ್ಪ ಸ್ವಲ್ಪವೇ ಮುಂದೆ ಜರುಗಿದ್ದವು. ಯಾಕೆ? ಪುಸ್ತಕದ ತಂತಿಗೆ ಬಿಗುಪು ಇಲ್ಲ. ಪಿಯಾನೋದ ಉಕ್ಕಿನ ತಂತಿಗೆ ಇದೆ, ಅದು ಬಾಗೋಕೆ ಒಪ್ಪಲ್ಲ. ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಕ್ಲಿಯರ್ ಆಗಿ ಮೂರು ಸೆಮ್ ಆದ ಮೇಲೆ ಆ ಪಾಠ ನಮಗೆ ಮೊದಲ ಸಲ ಅರ್ಥವಾಯಿತು.

"ಪ್ಲೇಸ್‌ಮೆಂಟ್ ಇದೆ, ಪ್ರಾಜೆಕ್ಟ್ ಇದೆ, ಹಿಂದಕ್ಕೆ ಹೋಗೋಕೆ ಪುರುಸೊತ್ತೆಲ್ಲಿದೆ?" ಅಂತೀರಿ. ನಿಜ. ಎಂಟು ಸೆಮಿಸ್ಟರ್‌ಗಳ ಈ ಬಂಡಿಗೆ ರಿವರ್ಸ್ ಗೇರೇ ಇಲ್ಲ. ಮತ್ತೆ ಓದಿದವರಿಗೆ ಸಿಜಿಪಿಎಯಲ್ಲಿ ಒಂದು ಪಾಯಿಂಟೂ ಜಾಸ್ತಿ ಆಗಲ್ಲ. ಅದಕ್ಕೇ ಈ ಕೆಲಸ ನಾವೇ ಮಾಡಿಕೊಳ್ಳಬೇಕು, ಯಾರೂ ಮಾಡಿಸುವುದಿಲ್ಲ.

ಎಲ್ಲಾ ಸಬ್ಜೆಕ್ಟೂ ಬೇಡ, ಒಂದು ಸಾಕು. ಈ ರಜೆಯಲ್ಲಿ ನೀವು ಒಳ್ಳೆ ಮಾರ್ಕ್ಸ್ ತಗೊಂಡ ಒಂದು ಸಬ್ಜೆಕ್ಟ್ ಆರಿಸಿ. ಹೋದದ್ದಲ್ಲ, ಗೆದ್ದದ್ದು. ಅದರ ಒಂದೇ ಅಧ್ಯಾಯ ತೆಗೆದು ಪರೀಕ್ಷೆ ಇಲ್ಲದೆ ಓದಿ ನೋಡಿ. ಆಗ ಬರೆದಷ್ಟು ಚೆನ್ನಾಗಿ ಈಗ ಬರೆಯೋಕೆ ಆಗದೇ ಇರಬಹುದು. ಪರವಾಗಿಲ್ಲ. 80ರ ಪೊಲ್ಲಿನಿಗೂ 34ರ ಬೆರಳುಗಳಿರಲಿಲ್ಲ.