ಮಗು ಕಾಣೆಯಾದಾಗ ‘ನೀವೆಲ್ಲಿದ್ದಿರಿ?’ ಎಂದು ಕೇಳಬಹುದೆ?

ಮಗುವೊಂದು ಕಾಣೆಯಾದ ಸುದ್ದಿ ಬಂದ ಕೂಡಲೇ ಊರಿನ ಬಾಯಿಗೆ ಮೊದಲು ಬರುವ ಮಾತು ‘ನೀವೆಲ್ಲಿದ್ದಿರಿ?’ ತೆಲಂಗಾಣದ ಗಡಿಯ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆ ಅದನ್ನು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಕೇಳುತ್ತಾರೆ. ಹಾಗೆ ಕೇಳುವುದು ಸರಿಯೆ ಎಂಬ ಪ್ರಶ್ನೆಯನ್ನು ಆ ಭಾಗದ ಇಬ್ಬರು ಕನ್ನಡಿಗರ ಮುಂದಿಟ್ಟೆವು.

ಪರ: ಕೇಳಲೇಬೇಕು
(ನಿವೃತ್ತ ಮುಖ್ಯೋಪಾಧ್ಯಾಯರು, ತಾಂಡೂರು)

 

ಕಾನೂನಿನಿಂದಲೇ ಆರಂಭಿಸುತ್ತೇನೆ. ಮಗುವಿನ ಹೊಣೆ ಹೊತ್ತವರು ಅದನ್ನು ಬೇಕೆಂದೇ ಕಡೆಗಣಿಸಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಜೈಲು, ಇಲ್ಲವೆ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೆ ಎರಡೂ. ಹೆತ್ತವರಿಗೆ ಹೊಣೆ ಉಂಟು ಎಂದು ಸಂಸತ್ತೇ ಹೇಳಿರುವಾಗ ನೆರೆಹೊರೆಯವರು ಕೇಳಬಾರದು ಎನ್ನುವುದು ಹೇಗೆ? ಅದೇ ಕಲಮಿನಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೆತ್ತವರು ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ಬಿಟ್ಟಿದ್ದರೆ ಬೇಕೆಂದೇ ಬಿಟ್ಟರು ಎಂದು ಭಾವಿಸಬಾರದು ಎಂದು ಕಾಯ್ದೆ ಹೇಳುತ್ತದೆ.

ಇನ್ನು ಮಕ್ಕಳು ಬೀಳುವ ತೆರೆದ ಕೊಳವೆಬಾವಿಗಳ ಮಾತು. ಮೆದಕ್ ಜಿಲ್ಲೆಯ ಪಾಪನ್ನಪೇಟ ಮಂಡಲದ ಪೊಡ್ಚನ್‌ಪಲ್ಲಿಯಲ್ಲಿ 2020ರ ಮೇ 27ರಂದು ಮೂರು ವರ್ಷದ ಮಗು ಬಿದ್ದದ್ದು ಮನೆಯವರೇ ಹೊಲದಲ್ಲಿ ಕೊರೆಸಿದ ಬೋರಿಗೆ. ಮಗು ಉಳಿಯಲಿಲ್ಲ. ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ 2024ರ ಏಪ್ರಿಲ್ 3ರಂದು ಎರಡು ವರ್ಷದ ಬಾಲಕ ತಲೆಕೆಳಗಾಗಿ ಸಿಕ್ಕಿಕೊಂಡದ್ದೂ ಸ್ವಂತ ಜಮೀನಿನ ಬೋರಿನಲ್ಲೇ. ಸುಮಾರು 20 ತಾಸಿನ ಮೇಲೆ ಅವನನ್ನು ಜೀವಂತ ತೆಗೆದರು, ಇಡೀ ಕರ್ನಾಟಕ ಕಣ್ಣೊರೆಸಿಕೊಂಡಿತು. ಬೋರ್ ಕೊರೆಸುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು, ಸುತ್ತ ಬೇಲಿ ಹಾಕಬೇಕು, ಬಾಯಿ ಮುಚ್ಚಬೇಕು ಎಂದು ಸುಪ್ರೀಂ ಕೋರ್ಟ್ 2010ರ ಫೆಬ್ರವರಿ 11ರಂದೇ ಹೇಳಿದೆ. ಒಂದು ಚಪ್ಪಡಿ ಕಲ್ಲು ಎಳೆದಿದ್ದರೆ ಸಾಕಿತ್ತು. ಪರಸಿ ಕಲ್ಲಿಗೇ ಹೆಸರಾದ ನಮ್ಮೂರಿನಲ್ಲಿ ನಿಂತು ಈ ಮಾತು ಹೇಳುವಾಗ ಹೊಟ್ಟೆ ಸಂಕಟವಾಗುತ್ತದೆ.

ರೈತನ ಪಾಡು ನೋಡಿ ಎನ್ನುತ್ತಾರೆ. ನೋಡಿದ್ದೇನೆ. ನೀರು ಬೀಳದ ಬೋರಿನಿಂದ ಕೇಸಿಂಗ್ ಪೈಪ್ ಕಿತ್ತು ಮುಂದಿನ ಬೋರಿಗೆ ಒಯ್ಯುತ್ತಾರೆ, ಸಾಲದಲ್ಲಿ ಅಷ್ಟಾದರೂ ಉಳಿಯಲಿ ಎಂದು. ಪೈಪ್ ಹೋದ ಮೇಲೆ ಉಳಿಯುವುದು ಬರೀ ತೂತು. ರಿಗ್ ಲಾರಿಯವನು ದುಡ್ಡು ಎಣಿಸಿಕೊಂಡು ಕತ್ತಲಾಗುವ ಮೊದಲೇ ಹೊರಟಿರುತ್ತಾನೆ. ಅವನನ್ನು ಯಾರೂ ಕೇಳಿದ್ದು ನಾನು ಕಂಡಿಲ್ಲ. ಕೇಳಬೇಕಿತ್ತು.

ಪತ್ರಿಕೆಗಳು ಹೆತ್ತವರನ್ನು ಬೇಟೆಯಾಡುತ್ತವೆ ಎಂಬುದು ಮತ್ತೊಂದು ಆಕ್ಷೇಪ. 2007ರ ಮೇ 3ರಂದು ಪೋರ್ಚುಗಲ್ಲಿನಲ್ಲಿ ಬ್ರಿಟನ್ನಿನ ಮ್ಯಾಡಲಿನ್ ಮಕ್ಯಾನ್ ಎಂಬ ಬಾಲಕಿ ಕಾಣೆಯಾದಾಗ ತಂದೆತಾಯಿ, ಇಬ್ಬರೂ ವೈದ್ಯರು, ಹತ್ತಿರದಲ್ಲೇ ಗೆಳೆಯರೊಡನೆ ಊಟಕ್ಕೆ ಕೂತಿದ್ದರು. ಮಕ್ಕಳನ್ನೇ ಕೋಣೆಯಲ್ಲಿ ಬಿಟ್ಟು ಹೋದಿರೇಕೆ ಎಂದು ಜಗತ್ತು ಕೇಳಿದ್ದು ತಪ್ಪೆ? ಆ ಮೇಲೆ ಕೆಲವು ಪತ್ರಿಕೆಗಳು ಹೆತ್ತವರೇ ಕೊಂದರೆಂಬಂತೆ ಬರೆದು 2008ರಲ್ಲಿ ಮುಖಪುಟದಲ್ಲಿ ಕ್ಷಮೆ ಕೇಳಬೇಕಾಯಿತು ನಿಜ. ಅದು ಪತ್ರಿಕೆಗಳ ಅತಿರೇಕ, ಪ್ರಶ್ನೆಯ ದೋಷವಲ್ಲ.

ಕೊನೆಗೆ ಖಣಿಗಳ ವಿಚಾರ. ಕಲ್ಲು ತೆಗೆದು ಬಿಟ್ಟ ಗುಂಡಿಗಳು ಮಳೆಗಾಲದಲ್ಲಿ ತುಂಬುತ್ತವೆ, ಹುಡುಗರು ಈಜಲು ಓಡುತ್ತಾರೆ. ನನ್ನ ಸೇವೆಯ ಕಾಲದಲ್ಲಿ ಒಂದು ಮಧ್ಯಾಹ್ನ, ಊಟದ ಬಿಡುವಿನ ನಂತರ ನಾಲ್ಕನೇ ತರಗತಿಯ ಹುಡುಗನೊಬ್ಬ ಇರಲಿಲ್ಲ. ಖಣಿಯ ದಂಡೆಯಲ್ಲಿ ಒಂದು ಜೊತೆ ನೀಲಿ ಚಪ್ಪಲಿ ಸಿಕ್ಕವು. ಪಾಲಿಶ್ ಯಂತ್ರದ ಕೆಲಸ ಬಿಟ್ಟು ಅವನ ತಾಯಿ ಓಡಿ ಬಂದಳು, ಮೊಣಕೈವರೆಗೆ ಕಲ್ಲಿನ ಬಿಳಿ ಕೆಸರು. ನಾನು ಕೇಳಿದೆ: “ಮಗನ ಮ್ಯಾಲ ಲಕ್ಷ್ಯ ಇರಬಾರದೇನವ್ವಾ?” ಅವಳು ನೀರನ್ನೇ ನೋಡುತ್ತ ಹೇಳಿದಳು: “ನಿಮ್ಮ ಸಾಲಿಗೇ ಕಳಿಸಿದ್ದೆನ್ರೀ ಸರ.” ಎರಡು ತಾಸಿನ ಮೇಲೆ ಹುಡುಗ ಸೋದರತ್ತೆಯ ಮನೆಯಲ್ಲಿ ಮಲಗಿದ್ದು ಗೊತ್ತಾಯಿತು. ಚಪ್ಪಲಿ ಬೇರೆ ಯಾರವೋ.

ಆ ಮಾತು ನನಗೆ ಇವತ್ತಿಗೂ ಮರೆತಿಲ್ಲ. ಆದರೂ ನನ್ನ ವಾದ ಬಿಡುವುದಿಲ್ಲ: ಹೊಣೆ ಯಾರದೆಂದು ಕೇಳಬೇಕು. ಹೆತ್ತವರನ್ನು ಕೇಳಬೇಕು, ಮೇಷ್ಟರನ್ನೂ ಕೇಳಬೇಕು, ಬೇಲಿ ಹಾಕದ ಖಣಿಯವನನ್ನು ಎಲ್ಲರಿಗಿಂತ ಮೊದಲು ಕೇಳಬೇಕು.

ವಿರೋಧ: ಆ ಹೊತ್ತಿನಲ್ಲಿ ಬೇಡ
(ಅಂಗನವಾಡಿ ಶಿಕ್ಷಕಿ, ಜಹೀರಾಬಾದ್ ಹತ್ತಿರದ ಹಳ್ಳಿ)

ನಮ್ಮ ಕಡೆಯ ಒಂದು ಜಾತ್ರೆ. ಬೀದರ್ ಕಡೆಯಿಂದ ಬಂದ ಹೆಣ್ಣುಮಗಳೊಬ್ಬಳು ಮೈಕಿನ ಮೇಜಿನ ಅಂಚು ಹಿಡಿದು ನಿಂತಿದ್ದಳು. ಬಾಯಿಂದ ಮಾತು ಹೊರಡುತ್ತಿಲ್ಲ. ನಾಲ್ಕು ವರ್ಷದ ಮಗ ಕಾಣುತ್ತಿಲ್ಲ ಎಂದು ಹೇಗೋ ಹೇಳಿದಳು. ಮೈಕ್ ಹಿಡಿದವರು ಅದನ್ನು ಆರಿಸದೆ ಅವಳನ್ನು ಕೇಳಿದರು: “ಎಕ್ಕಡುನ್ನಾವಮ್ಮಾ ನುವ್ವು?” ಎಲ್ಲಿದ್ದೆ ನೀನು? ಕಂಬಕಂಬಕ್ಕೂ ಕಟ್ಟಿದ ಹಾರನ್ನುಗಳಲ್ಲಿ ಆ ಮಾತು ಜಾತ್ರೆಯ ತುಂಬ ಕೇಳಿಸಿತು. ಮಕ್ಕಳನ್ನು ನೋಡಿಕೊಳ್ಳಲಾಗದವರು ಜಾತ್ರೆಗೆ ಯಾಕೆ ಬರುತ್ತೀರಿ ಎಂದು ಇನ್ನೂ ನಾಲ್ಕು ಮಾತು. ಅಂಗಿಯ ಬಣ್ಣ ಹಸಿರು ಎಂಬುದು ಅದೆಲ್ಲ ಮುಗಿದ ಮೇಲೆ ಬಂತು, ಅದೂ ತೆಲುಗಿನಲ್ಲಿ ಮಾತ್ರ. ಆಧಾರ್ ಕಾರ್ಡಿನಲ್ಲಿದ್ದ ಹೆಸರು ಕೂಗಿದರು. ಆ ಹೆಸರಿನಿಂದ ಆ ಮಗುವನ್ನು ಮನೆಯಲ್ಲಿ ಯಾರೂ ಕರೆದಿರಲಿಲ್ಲ.

ಹುಡುಗ ಅಲ್ಲಿಂದ ಮೂವತ್ತು ಹೆಜ್ಜೆಯಲ್ಲಿದ್ದ, ಬಳೆ ಅಂಗಡಿಯ ತಾಡಪತ್ರಿಯ ಕೆಳಗೆ. ಬಳೆಗಾರ್ತಿ ಒಳ್ಳೆಯವಳು, ಅವನ ಕೈಗೆ ಬೆಂಡು ಬತ್ತಾಸು ಕೊಟ್ಟು “ನೀ ಪೇರೇಂದಿ ಬಿಡ್ಡಾ?”, ನಿನ್ನ ಹೆಸರೇನು ಮಗು, ಎಂದು ತೆಲುಗಿನಲ್ಲಿ ಕೇಳುತ್ತಲೇ ಇದ್ದಳು. ಅವನಿಗೆ ತಿಳಿಯಲಿಲ್ಲ. ನಾನು ಬಗ್ಗಿ “ನಿಮ್ಮವ್ವ ನಿನಗ ಏನಂತ ಕರೀತಾಳಪ್ಪಾ?” ಎಂದು ಕೇಳಿದ ಮೇಲೆ ಬಾಯಿ ಬಿಟ್ಟ.

ಆಮೇಲೆ ಆ ತಾಯಿಯ ಪಕ್ಕ ಕೂತಾಗ ತಿಳಿದದ್ದು ನನ್ನನ್ನು ಇವತ್ತಿಗೂ ಸುಡುತ್ತದೆ. ಮಗ ಕಾಣದಾಗಿ ನಲವತ್ತು ನಿಮಿಷವಾದ ಮೇಲೆ ಅವಳು ಮೈಕಿನ ಹತ್ತಿರ ಬಂದಿದ್ದಳು. ಅಷ್ಟು ಹೊತ್ತು ಒಬ್ಬಳೇ ಜಾತ್ರೆಯನ್ನು ಎರಡು ಸುತ್ತು ಹಾಕಿದ್ದಳು. ಯಾಕೆ ತಂಗಿ ಎಂದರೆ, “ಮೈಕಿನ್ಯಾಗ ಹೇಳಿಸಿದರ ಎಲ್ಲಾರಿಗೂ ಗೊತ್ತಾಗ್ತದ ಅಕ್ಕಾ, ನಮ್ಮತ್ತಿ ಕೂಡ ಬಂದಾಳ” ಎಂದಳು.

ಆ ನಲವತ್ತು ನಿಮಿಷದ ಬಗ್ಗೆಯೇ ನಾನು ಬರೆಯಬೇಕಾದದ್ದು. ಊರಿನ ಬಾಯಿಗೆ ಹೆದರಿ ತಾಯಿ ಸುಮ್ಮನಿರುವ ಹೊತ್ತು ಅದು. ತಾಂಡೂರಿನಲ್ಲಿ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆ ಸೇಡಂ, ಆಮೇಲೆ ಚಿತ್ತಾಪುರ, ವಾಡಿ. ಜಹೀರಾಬಾದಿನಿಂದ ಬೀದರ್ ಬಸ್ಸು ಚಹಾ ಕುಡಿದು ಮುಗಿಸುವುದರೊಳಗೆ ಗಡಿ ದಾಟಿರುತ್ತದೆ. ಮಗು ಇನ್ನೊಂದು ರಾಜ್ಯ ಸೇರಿದರೂ ತಾಯಿ ಇನ್ನೂ ಯಾರಿಗೂ ಹೇಳಿರುವುದಿಲ್ಲ.

ಈ ಹೆದರಿಕೆ ಎಲ್ಲಿಗೆ ಮುಟ್ಟುತ್ತದೆ ಎಂದು ಹಾಜೀಪುರ ತೋರಿಸಿಕೊಟ್ಟಿದೆ. ಯಾದಾದ್ರಿ ಭುವನಗಿರಿ ಜಿಲ್ಲೆಯ ಆ ಊರಿನಲ್ಲಿ 2019ರ ಏಪ್ರಿಲ್‌ನಲ್ಲಿ ಶಾಲೆಯಿಂದ ಮರಳುತ್ತಿದ್ದ 14 ವರ್ಷದ ಹುಡುಗಿ ಕಾಣೆಯಾದಳು. ಹುಡುಕಿದರೆ ಪಾಳು ಬಾವಿಯಲ್ಲಿ ಹೆಣ. ತನಿಖೆ ಮುಂದುವರಿದಾಗ ಇನ್ನಿಬ್ಬರ ಅವಶೇಷ ಸಿಕ್ಕಿತು. ಒಬ್ಬಳು 2015ರಲ್ಲೇ ಕಾಣೆಯಾಗಿದ್ದ 11 ವರ್ಷದ ಮಗು. ಇನ್ನೊಬ್ಬಳು ಹಿಂದಿನ ತಿಂಗಳಷ್ಟೇ ಕಾಣೆಯಾದ ಕಾಲೇಜು ಹುಡುಗಿ. ಯಾರ ಜೊತೆಗೋ ಹೋಗಿರಬೇಕೆಂದುಕೊಂಡು ಅವಳ ಮನೆಯವರು ದೂರನ್ನೇ ಕೊಟ್ಟಿರಲಿಲ್ಲ ಎಂದು ಆಗ ವರದಿಯಾಗಿತ್ತು. ಮಾರ್ಚಿನಲ್ಲೇ ಒಂದು ದೂರು ಬರೆಸಿದ್ದರೆ ಪೊಲೀಸರು ಆ ದಾರಿಯಲ್ಲಿ ಓಡಾಡುತ್ತಿದ್ದರೋ ಏನೋ, ಏಪ್ರಿಲ್ಲಿನ ಮಗು ಮನೆ ಸೇರುತ್ತಿತ್ತೋ ಏನೋ. ಮೂವರನ್ನೂ ಕೊಂದ ಅಪರಾಧಿಗೆ 2020ರ ಫೆಬ್ರವರಿಯಲ್ಲಿ ನಲ್ಗೊಂಡದ ನ್ಯಾಯಾಲಯ ಮರಣದಂಡನೆ ವಿಧಿಸಿತು. ಹೆಣ್ಣು ಮನೆಗೆ ಬರದಿದ್ದರೆ ಓಡಿಹೋದಳು ಎನ್ನುವ ನಾಲಿಗೆಗಳಿಗೆ ಯಾರೂ ಏನೂ ವಿಧಿಸಲಿಲ್ಲ.

ದೂರು ಕೊಡಲು 24 ತಾಸು ಕಾಯಬೇಕೆಂದು ಇನ್ನೂ ನಂಬಿದವರಿದ್ದಾರೆ. ಕಾಯಬೇಕಿಲ್ಲ. ಯಾವುದೇ ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಬೇಕು, ಅಪಹರಣವೋ ಸಾಗಾಟವೋ ಆಗಿದೆ ಎಂದೇ ಭಾವಿಸಿ ಹೊರಡಬೇಕು ಎಂದು ಸುಪ್ರೀಂ ಕೋರ್ಟ್ 2013ರ ಮೇ 10ರಂದು ಆದೇಶಿಸಿದೆ. ನಮ್ಮ ಠಾಣೆಯ ಸರಹದ್ದಲ್ಲ ಎಂದೂ ಹೇಳುವಂತಿಲ್ಲ, ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಜೀರೋ ಎಫ್‌ಐಆರ್ ಇದೆ. ಗಡಿಯ ಮೇಲೆ ಬದುಕುವ ನಮಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ದುಡ್ಡು ಹೋಗುವುದಿಲ್ಲ. ಕಾಣೆಯಾದ ಮಕ್ಕಳನ್ನು ಹುಡುಕಲು ತೆಲಂಗಾಣ ಪೊಲೀಸರು ಜನವರಿಯಲ್ಲಿ ಆಪರೇಷನ್ ಸ್ಮೈಲ್, ಜುಲೈಯಲ್ಲಿ ಆಪರೇಷನ್ ಮುಸ್ಕಾನ್ ನಡೆಸುತ್ತಾರೆ. ಆಶ್ರಯಧಾಮಗಳಲ್ಲಿರುವ ಮಕ್ಕಳ ಮುಖವನ್ನು ಕಾಣೆಯಾದವರ ಫೋಟೊಗಳ ಜೊತೆ ತಾಳೆ ಹಾಕುವ ದರ್ಪಣ್ ಎಂಬ ತಂತ್ರಾಂಶ 2018ರಿಂದ ಅವರ ಕೈಯಲ್ಲಿದೆ. ಆದರೆ ದೂರೇ ಕೊಡದ ತಾಯಿಯ ಮಗುವಿನ ಫೋಟೊ ಆ ಪಟ್ಟಿಯಲ್ಲಿ ಇರುವುದಾದರೂ ಹೇಗೆ?

‘ಎಲ್ಲಿದ್ದೆ’ ಎಂದು ಕೇಳುವವರಿಗೆ ನಾರಾಯಣಖೇಡದ ತಾಂಡಾಗಳ ಪರವಾಗಿ ನಾನೇ ಉತ್ತರ ಹೇಳುತ್ತೇನೆ. ಕಬ್ಬಿನ ಗದ್ದೆಯಲ್ಲಿದ್ದಳು. ಕಬ್ಬು ಕಡಿಯುವ ಮುಂಗಡ ಒಬ್ಬರಿಗೆ ಸಿಗುವುದಿಲ್ಲ, ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ. ಅವನು ಕಡಿಯಬೇಕು, ಅವಳು ಸಿವುಡು ಕಟ್ಟಿ ತಲೆಯ ಮೇಲೆ ಹೊತ್ತು ಲಾರಿಗೆ ತುಂಬಬೇಕು. ಅವಳು ಮಗುವಿನ ಹತ್ತಿರ ಕೂತರೆ ಕೊಯ್ತಾ ಮುರಿಯುತ್ತದೆ, ಮುಂಗಡ ಸಾಲವಾಗಿ ಉಳಿಯುತ್ತದೆ. ಎಳೆಗೂಸು ಗದ್ದೆಯ ಬದುವಿನ ಮೇಲೆ ಸೀರೆಯ ಜೋಳಿಗೆಯಲ್ಲಿ. ಸ್ವಲ್ಪ ದೊಡ್ಡವು ಊರಲ್ಲಿ ಕಣ್ಣು ಮಂಜಾದ ಅಜ್ಜಿಯ ಹತ್ತಿರ. ಸಕ್ಕರೆ ತಿನ್ನುವ ನಾವು ಇವಳ ಮೇಲೆ ತೀರ್ಪು ಕೊಡುತ್ತೇವೆ.

ಹೆತ್ತವರೇ ಮಗುವನ್ನು ಮಾರಿದ, ಕೊಂದ ಉದಾಹರಣೆಗಳಿಲ್ಲವೆ ಎನ್ನುತ್ತೀರಿ. ಇವೆ. ಅದನ್ನು ಪೊಲೀಸರು ಕೇಳಲಿ, ಒಳಗೆ ಕೂರಿಸಿ ಕೇಳಲಿ. ಜಾತ್ರೆಯ ಮೈಕ್ ಕೇಳುವುದು ಬೇಡ, ವಾಟ್ಸಾಪ್ ಕೇಳುವುದು ಬೇಡ. ಜನವೇ ತೀರ್ಪು ಕೊಟ್ಟರೆ ಏನಾಗುತ್ತದೆ ನೋಡಿ. ಆಸ್ಟ್ರೇಲಿಯದ ಉಲುರುವಿನಲ್ಲಿ 1980ರ ಆಗಸ್ಟ್ 17ರ ರಾತ್ರಿ ಡೇರೆಯಿಂದ ಒಂಬತ್ತು ವಾರದ ಕೂಸನ್ನು ಡಿಂಗೋ, ಅಂದರೆ ಅಲ್ಲಿನ ಕಾಡುನಾಯಿ, ಎಳೆದೊಯ್ದಿತು ಎಂದು ತಾಯಿ ಲಿಂಡಿ ಚೇಂಬರ್ಲೇನ್ ಅಂದೇ ಕೂಗಿ ಹೇಳಿದಳು. ಟಿವಿಯ ಮುಂದೆ ಸಾಕಷ್ಟು ಅಳಲಿಲ್ಲ ಎಂದು ದೇಶ ಅವಳನ್ನು ನಂಬಲಿಲ್ಲ. 1982ರಲ್ಲಿ ಜೀವಾವಧಿ ಶಿಕ್ಷೆ. ಕಾರಿನಲ್ಲಿ ಕಂಡ ‘ರಕ್ತ’ ಕಾರು ತಯಾರಿಸುವಾಗ ಸಿಂಪಡಿಸಿದ ರಾಸಾಯನಿಕವಾಗಿತ್ತು. ಕೂಸಿನ ಅಂಗಿ ಸಿಕ್ಕಿ 1986ರಲ್ಲಿ ಬಿಡುಗಡೆಯಾದಳು, 1988ರಲ್ಲಿ ಶಿಕ್ಷೆ ರದ್ದಾಯಿತು. ಡಿಂಗೋ ಒಯ್ದದ್ದೇ ನಿಜ ಎಂದು ಅಧಿಕೃತವಾಗಿ ಬರೆದದ್ದು 2012ರಲ್ಲಿ.

ತಾಯಿ ಸಿಗದಿದ್ದರೆ ಊರು ಪರದೇಶಿಯನ್ನು ಹಿಡಿಯುತ್ತದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ, ಆಗ ಔರಾದ ತಾಲ್ಲೂಕಿನಲ್ಲಿದ್ದ ಮುರ್ಕಿಯಲ್ಲಿ ಆದದ್ದು ಮರೆತಿಲ್ಲವಷ್ಟೆ. ಹೈದರಾಬಾದಿನಿಂದ ಗೆಳೆಯನ ಊರಿಗೆ ಬಂದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿ ಫೋನಿನಿಂದ ಫೋನಿಗೆ ಹಾರಿತು. ಒಬ್ಬ ಯುವ ಎಂಜಿನಿಯರನನ್ನು ಹೊಡೆದು ಕೊಂದರು. ಅಂದು ಅಲ್ಲಿ ಯಾವ ಮಗುವೂ ಕಾಣೆಯಾಗಿರಲಿಲ್ಲ. ಅವನೂ ಒಬ್ಬ ತಾಯಿಯ ಮಗ.

ಒಂದು ಮಾತು ಒಪ್ಪಿಕೊಳ್ಳಬೇಕು. ಅಂಗನವಾಡಿ ಕೇಂದ್ರದಿಂದ ಮಗುವನ್ನು ಕರೆದೊಯ್ಯಲು ತಡವಾಗಿ ಬರುವ ತಾಯಂದಿರಿಗೆ ನಾನೂ ಗದರುತ್ತೇನೆ. ಹೋದ ವಾರವೂ ಗದರಿದೆ. ಎರಡು ವರ್ಷದ ಮಗುವನ್ನು ಆರು ವರ್ಷದ ಅಕ್ಕನ ಕಂಕುಳಲ್ಲಿ ಬಿಟ್ಟು ಹೋದರೆ ನನಗೂ ಸಿಟ್ಟು ಬರುತ್ತದೆ, ಬರಬೇಕು ಕೂಡ. ಆದರೆ ಆ ಸಿಟ್ಟಿಗೆ ಸೋಮವಾರದ ತಾಯಂದಿರ ಸಭೆ ಇದೆ, ಮನೆಭೇಟಿ ಇದೆ, ಮಗು ಕಣ್ಣೆದುರು ಇರುವ ದಿನಗಳಿವೆ. ಮಗು ಕಾಣದ ಆ ತಾಸಿನಲ್ಲಿ ಅಂಗಿಯ ಬಣ್ಣ ಕೇಳಿ.

ಜಾತ್ರೆಯಲ್ಲಿ ಮಗ ಸಿಕ್ಕಾಗ ಆ ತಾಯಿ ಮೊದಲು ಅವನ ಬೆನ್ನಿಗೆ ಒಂದು ಬಾರಿಸಿದಳು. ಸುತ್ತ ನಿಂತವರೆಲ್ಲ ನೋಡುತ್ತಿದ್ದರಲ್ಲ, ಅವರಿಗೆ ಕಾಣಲೆಂದು. ಆಮೇಲೆ ಅಂಗಡಿಯ ಹಿಂದಕ್ಕೆ ಕರೆದೊಯ್ದು, ಯಾರಿಗೂ ಕಾಣದಂತೆ, ಅವನ ಹಸಿರು ಅಂಗಿಯಲ್ಲಿ ಮುಖ ಹುದುಗಿಸಿ ಅತ್ತಳು. ಅಂದಿನಿಂದ ನನ್ನ ಹಾಜರಿ ಪುಸ್ತಕದಲ್ಲಿ ಪ್ರತಿ ಮಗುವಿನ ಮುಂದೆ ಕೈಯಿಂದ ಗೆರೆ ಎಳೆದು ಎರಡು ಕಾಲಂ ಹೆಚ್ಚು ಮಾಡಿಕೊಂಡಿದ್ದೇನೆ. ಒಂದರಲ್ಲಿ ಮಗು ಆಡುವ ಭಾಷೆ, ಇನ್ನೊಂದರಲ್ಲಿ ಅವ್ವ ಕರೆಯುವ ಹೆಸರು.