ಹೊಳೆಯಾಚೆಯ ದಾಖಲೆಯನ್ನೂ ನೋಡಿ

ಬೆಳಗಾವಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ,



ನಮ್ಮ ಜುಗೂಳ ಕೃಷ್ಣೆಯ ಈ ದಂಡೆಗಿದೆ. ಆ ದಂಡೆಗೆ ಮಹಾರಾಷ್ಟ್ರದ ಖಿದ್ರಾಪುರ. ಕಾಗವಾಡ ದಾಟಿದರೆ ಮಿರಜ, ಸಾಂಗಲಿ. ಕುಸ್ತಿ ವಸ್ತಾದರು, ಕಬಡ್ಡಿ ಕಲಿಸುವವರು, ಸೈನ್ಯದ ಭರ್ತಿಗೆ ಹುಡುಗರನ್ನು ತಯಾರು ಮಾಡುವವರು ಗಡಿಯ ಎರಡೂ ಕಡೆ ಓಡಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಈ ಸೀಮೆಯ ತಾಲೀಮುಗಳು ಬೆಳೆದದ್ದೇ ಆ ಒಡನಾಟದಲ್ಲಿ. ಆದರೆ ಹೊಸಬರೊಬ್ಬರು ಬಂದು ಮಕ್ಕಳನ್ನು ಸೇರಿಸಿಕೊಂಡಾಗ ನಮಗೆ ಗೊತ್ತಿರುವುದು ಅವರ ಅಡ್ಡಹೆಸರು ಮತ್ತು ಮೊಬೈಲ್ ನಂಬರು, ಅಷ್ಟೇ. ಮೊದಲು ಎಲ್ಲಿ ಕಲಿಸುತ್ತಿದ್ದರು, ಯಾಕೆ ಬಿಟ್ಟು ಬಂದರು ಎಂದು ಕೇಳುವ ರೂಢಿಯೇ ನಮ್ಮಲ್ಲಿಲ್ಲ.

ಕಾನೂನು ಇದೆ. 2012ರ ಪೋಕ್ಸೊ ಕಾಯ್ದೆಯಡಿ 2020ರಲ್ಲಿ ಬಂದ ನಿಯಮಗಳು ಶಾಲೆಗಳ ಜೊತೆ ಕ್ರೀಡಾ ಅಕಾಡೆಮಿಗಳನ್ನೂ ಹೆಸರಿಸಿ, ಸಿಬ್ಬಂದಿಯ ಹಿನ್ನೆಲೆಯನ್ನು ಕಾಲಕಾಲಕ್ಕೆ ಪೊಲೀಸರಿಂದ ಪರಿಶೀಲಿಸಲೇಬೇಕು ಎನ್ನುತ್ತವೆ. ಆದರೆ ಅಲ್ಲಿರುವ ಮಾತು ನೌಕರರದು. ಊರ ತಾಲೀಮಿನ ವಸ್ತಾದರಿಗೆ ಪಗಾರವೇ ಇಲ್ಲ. ಪಂದ್ಯಕ್ಕೆಂದು ಮಕ್ಕಳನ್ನು ಜೀಪಿನಲ್ಲಿ ಕರೆದೊಯ್ದು, ರಾತ್ರಿ ಪರವೂರಲ್ಲಿ ಉಳಿಸಿಕೊಂಡು ಬರುವ ಸ್ವಯಂಸೇವಕನಂತೂ ಯಾರ ಲೆಕ್ಕದಲ್ಲೂ ಇಲ್ಲ.

ಮೈ ಮುಟ್ಟದೆ ಕುಸ್ತಿಯ ಪಟ್ಟು ಕಲಿಸಲಾಗದು. ಹೀಗಾಗಿಯೇ ಕೆಟ್ಟ ಉದ್ದೇಶದ ಕೈ ಯಾವುದೆಂದು ಹತ್ತು ವರ್ಷದ ಹುಡುಗನಿಗೆ ತಿಳಿಯುವುದಿಲ್ಲ. ತಿಳಿದರೂ ವಸ್ತಾದರ ವಿರುದ್ಧ ಬಾಯಿ ಬಿಡುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬ್ಯಾಡ್ಮಿಂಟನ್ ತರಬೇತುದಾರನೊಬ್ಬ ಬಾಲಕಿಯ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಆರೋಪದಲ್ಲಿ ಬಂಧಿತನಾದ. ವಿಷಯ ಹೊರಬಿದ್ದದ್ದು ಬಾಲಕಿಯ ಅಜ್ಜಿ ತಮ್ಮ ಮೊಬೈಲು ನೋಡಿದ್ದರಿಂದ.

ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಸಂಗ್ರಹ 2018ರ ಸೆಪ್ಟೆಂಬರ್‌ನಿಂದ ಇದೆ. ಅದನ್ನು ಪೊಲೀಸರು ನೋಡಬಹುದು. ಪಂಚಾಯಿತಿ, ಪಾಲಕರು ನೋಡುವಂತಿಲ್ಲ. ಆದ್ದರಿಂದಲೇ ನಿಮಗೆ ಬರೆಯುತ್ತಿದ್ದೇನೆ.

ಪಗಾರ ಇರಲಿ, ಬಿಡಲಿ, ಗಡಿ ಊರುಗಳಲ್ಲಿ ಮಕ್ಕಳಿಗೆ ಆಟ ಕಲಿಸುವ ಎಲ್ಲರ ಪಟ್ಟಿಯನ್ನು ಬೀಟ್ ಪೊಲೀಸರಿಂದ ಮಾಡಿಸಿ. ಕರ್ನಾಟಕದ ದಾಖಲೆಯಷ್ಟೇ ನೋಡಿ ಕೈತೊಳೆದುಕೊಳ್ಳಬೇಡಿ. ಸಾಂಗಲಿ, ಕೊಲ್ಲಾಪುರದ ಪೊಲೀಸರನ್ನೂ ಕೇಳಿ. ಪರಿಶೀಲನೆಗೆ ಶುಲ್ಕ ಬೇಡ, ವಸ್ತಾದರು ಬಡವರು. ಅವರಲ್ಲಿ ಬಹಳ ಜನ ತಮ್ಮ ಗಂಟಿನಿಂದ ಹುಡುಗರಿಗೆ ಹಾಲು, ಬಾದಾಮಿ ಕೊಡಿಸಿದವರು. ಇದು ಅವರ ಮೇಲಿನ ಗುಮಾನಿಯಲ್ಲ.

ಇನ್ನೂ ಸಿಕ್ಕಿಬೀಳದವನನ್ನು ಯಾವ ದಾಖಲೆಯೂ ತೋರಿಸದು, ನಿಜ. ಅದಕ್ಕೆ ರಾತ್ರಿ ಉಳಿಯುವ ಪಂದ್ಯಗಳಿಗೆ ಪಾಲಕರೊಬ್ಬರು ಜೊತೆಗಿರಬೇಕು; ಆ ಕೆಲಸ ನಮ್ಮದು. ಉಳಿದದ್ದು ನಿಮ್ಮ ಕೈಯಲ್ಲಿದೆ. ಬೇಸಿಗೆ ಸೂಟಿ ಬಿದ್ದೊಡನೆ ಶಿಬಿರಗಳು ಶುರುವಾಗುತ್ತವೆ. ಅದಕ್ಕೂ ಮೊದಲೇ ಆದೇಶ ಹೊರಡಿಸಿ.

ಇಂತಿ,
ಜುಗೂಳದ ಒಬ್ಬ ಪಾಲಕ