ಪುಟ್ಟಕ್ಕನಿಗೆ ಕಣ್ಣೀರು, ಗುಲಾಬಿಗೆ ಮೌನ

ಹಿರಿಯ ನಟಿ ಉಮಾಶ್ರೀಯವರು ರಂಗಭೂಮಿಯಿಂದ ಬಂದು, ಹಾಸ್ಯ ಪಾತ್ರಗಳಲ್ಲಿ ಹೆಸರಾಗಿ, ‘ಗುಲಾಬಿ ಟಾಕೀಸ್’ ಚಿತ್ರಕ್ಕಾಗಿ 2007ರ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಪಡೆದವರು. ಗಿರೀಶ್ ಕಾಸರವಳ್ಳಿ ನಿರ್ದೇಶನದ ಆ ಚಿತ್ರದ ಗುಲಾಬಿ ನಮ್ಮದೇ ಕರಾವಳಿಯ ಮುಸ್ಲಿಂ ಸೂಲಗಿತ್ತಿ. ಗಂಡ ಅವಳನ್ನು ತೊರೆದು ಇನ್ನೊಬ್ಬಳೊಡನೆ ಸಂಸಾರ ಹೂಡಿದ್ದಾನೆ. 2021ರಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲೂ ಅವರದು ಗಂಡ ಕೈಬಿಟ್ಟ, ಮೂವರು ಹೆಣ್ಣುಮಕ್ಕಳ ತಾಯಿಯ ಪಾತ್ರ.

ಧಾರಾವಾಹಿ ಸಲ್ಲದೆಂದು ಹೊರಗೆ ಹೇಳುವ ನಾವೇ ಮನೆಯೊಳಗೆ ಕುಳಿತು ಪುಟ್ಟಕ್ಕನಿಗಾಗಿ ಮರುಗುತ್ತೇವೆ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮ್ಮ ಮೊಹಲ್ಲಾಗಳಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಸಾಕುತ್ತಿರುವ, ಗಂಡ ತಿರುಗಿಯೂ ನೋಡದ ಸಹೋದರಿಯ ಬಾಗಿಲಿಗೆ ಎಂದಾದರೂ ಹೋಗಿದ್ದೇವೆಯೇ? ಅವಳ ವಿಷಯ ಬಂದರೆ ‘ಶರೀಅತ್ ಅನುಮತಿಸಿದೆಯಲ್ಲ’ ಎಂದು ಬಾಯಿ ಮುಚ್ಚಿಸುತ್ತೇವೆ.

ಶರೀಅತ್ ಅನುಮತಿಸಿದ್ದು ಏನನ್ನು? ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 3ನೇ ಸೂಕ್ತವು, ನ್ಯಾಯ ಪಾಲಿಸಲಾಗದೆಂಬ ಭಯವಿದ್ದರೆ ಒಬ್ಬಳೇ ಸಾಕೆನ್ನುತ್ತದೆ. ಅದೇ ಅಧ್ಯಾಯದ 129ನೇ ಸೂಕ್ತವು, ಒಬ್ಬಳ ಕಡೆಗೆ ಪೂರ್ತಿ ವಾಲಿ ಇನ್ನೊಬ್ಬಳನ್ನು ಅತಂತ್ರಳಾಗಿಸುವುದನ್ನು ನಿಷೇಧಿಸುತ್ತದೆ. ಅನುಮತಿಯನ್ನು ಹಿಡಿದುಕೊಂಡು ಷರತ್ತನ್ನು ಬಿಟ್ಟುಬಿಡುವುದು ದೀನ್ ಅಲ್ಲ, ದೀನಿನ ಹೆಸರಿನ ಅನ್ಯಾಯ.

ಆದ್ದರಿಂದ ಎರಡನೇ ನಿಕಾಹ್‌ಗೆ ಬರುವವನನ್ನು ಜಮಾಅತ್ ಮೊದಲು ಕೇಳಲಿ: ‘ಮೊದಲನೆಯವಳ ಮಹರ್ ಕೊಟ್ಟಿದ್ದೀಯಾ? ಅವಳ, ಮಕ್ಕಳ ಖರ್ಚು ನೋಡುತ್ತಿದ್ದೀಯಾ?’ ಉತ್ತರವಿಲ್ಲದಿದ್ದರೆ ನಿಕಾಹ್ ನಿಲ್ಲಲಿ. ನಟಿಯ ಪಾತ್ರ ಪರದೆಯಲ್ಲೇ ಮುಗಿಯುತ್ತದೆ. ನಮ್ಮ ಸಹೋದರಿಯ ಅಳಲಿಗೆ ಅಲ್ಲಾಹನ ಮುಂದೆ ನಾವು ಉತ್ತರಿಸಬೇಕಾಗಿದೆ.